ಹಳೆಯ ಲ್ಯಾಪ್‌ಟಾಪಿಗೆ ಹೊಸ ಕಪಾಟು, ದೊಡ್ಡ ಮೇಜು



ನಮ್ಮ ವಾಚನಾಲಯದ ಸದಸ್ಯರೊಬ್ಬರು, ಉಪಾಹಾರಗೃಹವೊಂದರಲ್ಲಿ ಗಲ್ಲಾದ ಮೇಲೆ ಕೂಡುವವರು, ಕಳೆದ ತಿಂಗಳು ಚೀಲದಲ್ಲಿ ಒಂದು ಲ್ಯಾಪ್‌ಟಾಪ್ ಹೊತ್ತು ತಂದರು. ಬಿ.ಕಾಂ. ಓದುತ್ತಿರುವ ಮಗಳಿಗಾಗಿ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ಗುಂಡಿ ಒತ್ತಿ, ಚಹಾ ಕಾಸಿ ಕುಡಿದು, ಬಸಿ ತೊಳೆದಿಟ್ಟು ಬಂದರೂ ಯಂತ್ರವಿನ್ನೂ ಎಚ್ಚರಾಗಿರುತ್ತಿರಲಿಲ್ಲ. ದುರಸ್ತಿಯ ಅಂಗಡಿಯವರು "ಇದರ ಆಯುಷ್ಯ ಮುಗಿಯಿತು, ಹೊಸದು ಕೊಳ್ಳಿರಿ" ಎಂದರಂತೆ. ಹೊಸದೆಂದರೆ ಅವರ ಎರಡು ತಿಂಗಳ ಪಗಾರ. ಪರೀಕ್ಷೆಯ ಅರ್ಜಿ ತುಂಬುವ ದಿನಗಳು ಬೇರೆ ಹತ್ತಿರ ಬಂದಿದ್ದವು.

ಅದು ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಟಿ440ಪಿ, 2013ರಲ್ಲಿ ಹೊರಬಂದ ಮಾದರಿ. ಒಳಗೆ 4 ಜಿಬಿ ಮೆಮರಿ, 500 ಜಿಬಿಯ ತಿರುಗುವ ಹಾರ್ಡ್ ಡಿಸ್ಕ್. ಆಯುಷ್ಯವೇನೂ ಮುಗಿದಿರಲಿಲ್ಲ. ಒಂದು ರವಿವಾರ ಮಧ್ಯಾಹ್ನ ತಂದೆ ಮಗಳಿಬ್ಬರನ್ನೂ ಕೂಡಿಸಿಕೊಂಡು ಮಾಡಿದ ಕೆಲಸವನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಮೆಮರಿ ಬೇರೆ, ಸಂಗ್ರಹ ಬೇರೆ ಎಂಬುದು ತಿಳಿಯಬೇಕು. ನಾವು ಕಾರಕೂನರು ಕೆಲಸ ಮಾಡುವ ರೀತಿಯನ್ನೇ ನೋಡಿರಿ. ವಹಿಗಳೆಲ್ಲ ಕಪಾಟಿನಲ್ಲಿರುತ್ತವೆ, ಬೇಕಾದ್ದನ್ನು ಮೇಜಿನ ಮೇಲೆ ಬಿಚ್ಚಿ ಬರೆಯುತ್ತೇವೆ. ಹಾರ್ಡ್ ಡಿಸ್ಕ್ ಎಂಬುದು ಕಪಾಟು. ವಿದ್ಯುತ್ತು ಹೋದರೂ ಅಲ್ಲಿಟ್ಟದ್ದು ಉಳಿಯುತ್ತದೆ. ಮೆಮರಿ ಎಂಬುದು ಮೇಜು. ವಿದ್ಯುತ್ತು ಹೋದೊಡನೆ ಬರಿದಾಗುತ್ತದೆ. ಮೇಜು ಚಿಕ್ಕದಾದರೆ ಒಂದು ವಹಿ ಬಿಚ್ಚಲು ಇನ್ನೊಂದನ್ನು ಕಪಾಟಿಗೆ ಮರಳಿಸಬೇಕು, ಮತ್ತೆ ಅದನ್ನೇ ತರಬೇಕು. ಯಂತ್ರವೂ ಹೀಗೆಯೇ ಓಡಾಡಿ ದಣಿಯುತ್ತದೆ. ಹಳೆಯ ಕಪಾಟಂತೂ ಬಹಳ ನಿಧಾನದ್ದು. ಅದರೊಳಗೆ ನಿಮಿಷಕ್ಕೆ 5400 ಅಥವಾ 7200 ಸಲ ತಿರುಗುವ ತಟ್ಟೆ, ಅದರ ಮೇಲೆ ಅತ್ತಿತ್ತ ಸರಿಯುವ ಸೂಜಿಯಂಥ ಕೈ. ಒಂದೊಂದು ತುಣುಕು ಹುಡುಕಲು ಅದಕ್ಕೆ 10ರಿಂದ 20 ಮಿಲಿಸೆಕೆಂಡು ಬೇಕು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಮಿಲಿಸೆಕೆಂಡಿನ ಹತ್ತನೆಯ ಒಂದು ಪಾಲು ಸಾಕು. ಯಂತ್ರ ಎಚ್ಚರಾಗುವಾಗ ಇಂಥ ಸಾವಿರಾರು ಚೂರುಗಳನ್ನು ಹುಡುಕಬೇಕಾದುದರಿಂದಲೇ ಚಹಾ ಕುಡಿದು ಬಂದರೂ ಮುಗಿಯದಿದ್ದದ್ದು.

ಯಾವುದು ಸಾಲದೆಂದು ಯಂತ್ರವನ್ನೇ ಕೇಳಬಹುದು. ವಿಂಡೋಸಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಕೂಡಿಯೇ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ದಿನದ ಕೆಲಸ ನಡೆದಿರುವಾಗ ಡಿಸ್ಕಿನ ಅಂಕಿ 100ಕ್ಕೆ ಅಂಟಿಕೊಂಡಿದ್ದರೆ ಕಪಾಟಿನ ದೋಷ. ಮೆಮರಿ 90 ದಾಟಿದ್ದರೆ ಮೇಜಿನ ದೋಷ. ಈ ಯಂತ್ರದಲ್ಲಿ ಎರಡೂ ಇದ್ದವು. ಒಂದಕ್ಕೇ ಹಣವಿದ್ದರೆ ಮೊದಲು ಎಸ್‌ಎಸ್‌ಡಿ ಕೊಳ್ಳಿರೆಂಬುದು ನನ್ನ ಅಭಿಪ್ರಾಯ.

ಇನ್ನು ಖರೀದಿ. ಎಲ್ಲ ಯಂತ್ರಗಳಿಗೂ ಈ ಭಾಗ್ಯವಿಲ್ಲ. ತೆಳ್ಳಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಮೆಮರಿಯನ್ನು ಬೆಸುಗೆ ಹಾಕಿಯೇ ಕೂಡಿಸಿರುತ್ತಾರೆ. ಆಪಲ್ ಕಂಪನಿಯ ಮ್ಯಾಕ್‌ಬುಕ್ ಏರ್ ಮೊದಲಿನಿಂದಲೂ ಹಾಗೆಯೇ. ಆದಕಾರಣ ನಿಮ್ಮ ಮಾದರಿಯ ಹೆಸರನ್ನು ತಳದ ಚೀಟಿಯಿಂದ ಬರೆದುಕೊಂಡು, ಕಂಪನಿಯ ಸರ್ವಿಸ್ ಕೈಪಿಡಿಯನ್ನು ನೋಡದೆ ಪೇಟೆಗೆ ಹೋಗಕೂಡದು. ಮೆಮರಿಯ ಪೀಳಿಗೆಗಳು ಒಂದಕ್ಕೊಂದು ಹೊಂದುವುದಿಲ್ಲ. ಲ್ಯಾಪ್‌ಟಾಪಿನ ಡಿಡಿಆರ್3 ಪಟ್ಟಿಗೆ 204 ಪಿನ್ನು, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಕಚ್ಚಿನ ಜಾಗವೂ ಬೇರೆ. ನಮ್ಮ ಟಿ440ಪಿಗೆ ಬೇಕಾದದ್ದು 1.35 ವೋಲ್ಟಿನ ಡಿಡಿಆರ್3ಎಲ್. ಈ 'ಎಲ್' ಅಕ್ಷರವಿಲ್ಲದ 1.5 ವೋಲ್ಟಿನ ಪಟ್ಟಿಯೂ ಅದೇ ಗೂಡಿನಲ್ಲಿ ಕೂಡುತ್ತದೆ, ಆದರೆ ಯಂತ್ರ ನಡೆಯುವುದಿಲ್ಲ. ಅಂಗಡಿಯವನು "ಎಲ್ಲಾ ಒಂದೇ ಸಾಹೇಬ್" ಎಂದರೆ ನಂಬಬೇಡಿರಿ. ಗೂಡುಗಳು ಎರಡು, ಒಟ್ಟು 16 ಜಿಬಿಯವರೆಗೆ ಹಾಕಬಹುದು. ನಾವು ಇದ್ದ 4 ಜಿಬಿಯ ಜೊತೆಗೆ ಇನ್ನೊಂದು 4 ಜಿಬಿ ಹಾಕಿದೆವು. ಸಮಾನ ಜೋಡಿಯಾದರೆ ಎರಡೂ ಒಟ್ಟಿಗೆ ದುಡಿಯುತ್ತವೆ.

ಕಪಾಟಿಗೆ 2.5 ಇಂಚಿನ, 7 ಮಿಲಿಮೀಟರ್ ದಪ್ಪದ, 240 ಜಿಬಿಯ ಸಾಟಾ ಎಸ್‌ಎಸ್‌ಡಿ ತಂದೆವು. ಅದು ಯಂತ್ರದಲ್ಲಿ 223 ಎಂದು ತೋರಿದಾಗ ಹುಡುಗಿ ಗಾಬರಿಯಾದಳು. ಅದು ಮೋಸವಲ್ಲ. ತಯಾರಕರು ಒಂದು ಜಿಬಿ ಎಂದರೆ ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ, ವಿಂಡೋಸು 1024ರ ಲೆಕ್ಕ ಹಿಡಿಯುತ್ತದೆ. ಸೇರು ಬೇರೆಯಾದರೆ ಅಳತೆಯೂ ಬೇರೆ. ಆದರೆ ಅಗ್ಗದ ಬೆಲೆಗೆ 2 ಟಿಬಿ ಕೊಡುತ್ತೇವೆನ್ನುವ ಹೆಸರಿಲ್ಲದ ಡಬ್ಬಿಗಳು ಮೋಸವೇ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಿರಲಿ, ದಿಲ್ಲಿಯ ನೆಹರೂ ಪ್ಲೇಸ್ ಇರಲಿ, ಚೆನ್ನೈಯ ರಿಚಿ ಸ್ಟ್ರೀಟ್ ಇರಲಿ, ಪಕ್ಕಾ ರಸೀತಿ ಮತ್ತು ವಾರಂಟಿ ಕೊಡುವಲ್ಲಿಯೇ ಕೊಳ್ಳತಕ್ಕದ್ದು. ದರಗಳು ವಾರವಾರಕ್ಕೆ ಏರಿಳಿಯುವುದರಿಂದ ಇಲ್ಲಿ ಬರೆದಿಲ್ಲ.

ತಿರುಪುಳಿ ಕೈಗೆ ತೆಗೆದುಕೊಳ್ಳುವ ಮೊದಲು ನಕಲು. ಇದನ್ನು ನಾನು ಪೆಟ್ಟು ತಿಂದು ಕಲಿತವನು. ಮೊದಲ ಸಲ ನನ್ನದೇ ಯಂತ್ರ ಬಿಚ್ಚಿದಾಗ ಡೆಸ್ಕ್‌ಟಾಪಿನ ಮೇಲಿದ್ದುದನ್ನೆಲ್ಲ ನಕಲು ಮಾಡಿದೆ, 'ಡಿ' ಎಂಬ ಭಾಗವನ್ನು ಮರೆತೆ. ಹೊಸದು ಓಡಿದ ಸಂತೋಷದಲ್ಲಿ ಹಳೆಯ ಡಿಸ್ಕನ್ನು ಪೂರಾ ಅಳಿಸಿ ಮಾರಿಬಿಟ್ಟೆ. ಊರಿನಲ್ಲಿ ತಾಯಿಯವರು ಹಾಡಿದ ಬೀಸುವ ಪದಗಳನ್ನು ಒಂದು ದೀಪಾವಳಿಗೆ ಮೊಬೈಲಿನಲ್ಲಿ ಹಿಡಿದು ಅದರಲ್ಲಿ ಇಟ್ಟಿದ್ದೆ. ತಾಯಿಯವರು ಈಗಿಲ್ಲ. ಆದ್ದರಿಂದ ಹೇಳುತ್ತೇನೆ: ಸಿ, ಡಿ, ಇ ಎಷ್ಟು ಭಾಗಗಳಿವೆಯೋ ಅಷ್ಟನ್ನೂ ತೆರೆದು ನೋಡಿರಿ, ಹೊರಗಿನ ಡಿಸ್ಕಿಗೆ ನಕಲು ಮಾಡಿರಿ, ನಕಲಾದ ಕಡತಗಳಲ್ಲಿ ನಾಲ್ಕಾರನ್ನು ತೆರೆದು ಪರೀಕ್ಷಿಸಿರಿ. ಹಳೆಯ ಡಿಸ್ಕನ್ನು ಕನಿಷ್ಠ ಮೂರು ತಿಂಗಳು ಹಾಗೆಯೇ ಇಡಿರಿ. ಬಿಟ್‌ಲಾಕರ್ ಬೀಗ ಹಾಕಿದ್ದರೆ ಅದರ ಕೀಲಿಯ ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಳ್ಳಿರಿ.

ಬಿಚ್ಚುವ ಕೆಲಸ ನೀವು ಹೆದರುವಷ್ಟು ದೊಡ್ಡದಲ್ಲ. ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರ್ ಕಿತ್ತು, ಬೋರಲು ಹಾಕಿ, ಬ್ಯಾಟರಿಯನ್ನು ತೆಗೆಯಿರಿ. ಬ್ಯಾಟರಿ ಒಳಗೇ ಇರುವ ಮಾದರಿಗಳಲ್ಲಿ, ಮುಚ್ಚಳ ತೆಗೆದ ಮೇಲೆ ಮೊದಲು ಅದರ ತಂತಿಯ ಕೊಂಡಿಯನ್ನು ಬಿಡಿಸಬೇಕು. ಮೈಯಲ್ಲಿ ಕೂಡುವ ಸ್ಥಿರ ವಿದ್ಯುತ್ತು ಮೆಮರಿಗೆ ವೈರಿ. ಮುಂಬಯಿಯ ಮಳೆಗಾಲದಲ್ಲಿ ಇದರ ಭಯ ಕಡಿಮೆ, ಉಣ್ಣೆಯಂಗಿ ತೊಟ್ಟ ದಿಲ್ಲಿಯ ಚಳಿಯಲ್ಲಿ ಹೆಚ್ಚು. ನಡುನಡುವೆ ಕಬ್ಬಿಣದ ನಲ್ಲಿಯನ್ನು ಮುಟ್ಟಿದರಾಯಿತು. ಟಿ440ಪಿಯ ತಳದಲ್ಲಿ ಎರಡೇ ತಿರುಪುಗಳ ಒಂದು ಬಾಗಿಲಿದೆ. ಸಡಿಲಿಸಿ, ಜಾರಿಸಿ ಎತ್ತಿದರೆ ಮೆಮರಿಯ ಗೂಡುಗಳೂ ಡಿಸ್ಕೂ ಕಣ್ಣೆದುರಿಗೇ. ಮೆಮರಿಯ ಚಿನ್ನದ ಬಣ್ಣದ ಅಂಚನ್ನು ಮುಟ್ಟದೆ, ಕಚ್ಚನ್ನು ಹೊಂದಿಸಿ, ಓರೆಯಾಗಿ ತೂರಿಸಿ ಕೆಳಗೆ ಒತ್ತಿರಿ. ಎರಡೂ ಬದಿಯ ಕೊಕ್ಕೆಗಳು ಟಕ್ಕೆಂದು ಹಿಡಿಯಬೇಕು. ಡಿಸ್ಕಿನ ತಿರುಪು ತೆಗೆದು, ಕೊಂಡಿಯಿಂದ ಹಿಂದಕ್ಕೆ ಸರಿಸಿ, ಅದೇ ಜಾಗದಲ್ಲಿ ಎಸ್‌ಎಸ್‌ಡಿಯನ್ನು ಕೂಡಿಸಿದೆವು. ತಿರುಪುಗಳನ್ನು ಒಂದು ಬಸಿಯಲ್ಲಿ ಹಾಕಿಟ್ಟದ್ದು ಮಗಳ ಜಾಣತನ.

ಮೊದಲ ಸಲ ಹಚ್ಚಿದಾಗ ಕಪ್ಪು ಪರದೆ, ಕೀಂ ಕೀಂ ಎಂಬ ಸದ್ದು. ತಂದೆಯವರ ಮುಖ ಇಳಿಯಿತು. ಮೆಮರಿ ಒಂದು ಬದಿಗೆ ಸರಿಯಾಗಿ ಕೂತಿರಲಿಲ್ಲ, ಅಷ್ಟೆ. ತೆಗೆದು ಮತ್ತೆ ಒತ್ತಿದೊಡನೆ 8 ಜಿಬಿ ಎಂದು ತೋರಿತು.

ಹಳೆಯ ಡಿಸ್ಕನ್ನು ಇದ್ದಂತೆಯೇ ಹೊಸದಕ್ಕೆ ಇಳಿಸಲು ಕ್ಲೋನ್‌ಜಿಲ್ಲಾ ಎಂಬ ಉಚಿತ ಸಾಧನವಿದೆ. ಅದಕ್ಕೆ ಹೊಸ ಡಿಸ್ಕ್ ಹಳೆಯದರಷ್ಟಾದರೂ ದೊಡ್ಡದಿರಬೇಕು. ನಮ್ಮದು ಚಿಕ್ಕದು. ಅಲ್ಲದೆ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11ರ ಒಪ್ಪಿಗೆಯ ಪಟ್ಟಿಯಲ್ಲಿ ಈ ಯಂತ್ರದ ನಾಲ್ಕನೆಯ ಪೀಳಿಗೆಯ ಇಂಟೆಲ್ ಇಲ್ಲ. ಆದುದರಿಂದ ಪೆನ್ ಡ್ರೈವಿನಿಂದ ಲಿನಕ್ಸ್ ಮಿಂಟ್ ಹಾಕಿದೆವು. ಕಾಸಿಲ್ಲದೆ ಸಿಗುತ್ತದೆ, ಲಿಬ್ರೆ ಆಫೀಸಿನಲ್ಲಿ ಲೆಕ್ಕದ ತಖ್ತೆಯನ್ನೂ ಪತ್ರವನ್ನೂ ಬರೆಯಬಹುದು, ಕನ್ನಡದ ಕಗಪ ಕೀಲಿಮಣೆಯೂ ಅದರಲ್ಲಿದೆ. ಟ್ಯಾಲಿಯಂಥ ವಿಂಡೋಸಿನ ತಂತ್ರಾಂಶವೇ ಬೇಕೆನ್ನುವವರಿಗೆ ಮಾತ್ರ ಇದು ತೊಡಕು. ಹುಡುಗಿಯ ಕಾಲೇಜಿನಲ್ಲಿ ಅದನ್ನು ಅಲ್ಲಿಯ ಯಂತ್ರಗಳಲ್ಲೇ ಕಲಿಸುತ್ತಾರೆಂದು ಕೇಳಿ ತಿಳಿದ ಮೇಲೆಯೇ ಈ ದಾರಿ ಹಿಡಿದೆವು.

ಈಗ ಯಂತ್ರ ಅರ್ಧ ನಿಮಿಷದೊಳಗೆ ಎಚ್ಚರಾಗುತ್ತದೆ. ಅರ್ಜಿಯನ್ನು ಅವಳು ಅದರಲ್ಲಿಯೇ ತುಂಬಿದಳು.

ಸಣ್ಣ ತಿರುಪುಳಿಗಳ ಡಬ್ಬಿ, ಸಾಟಾ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ತಂತಿ, ಮಿಂಟ್ ಹಾಕಿದ ಪೆನ್ ಡ್ರೈವ್ ಈ ಮೂರೂ ವಾಚನಾಲಯದ ಕಪಾಟಿನ ಕೆಳಗಿನ ಖಾನೆಯಲ್ಲಿವೆ. ಪುಸ್ತಕಗಳಂತೆಯೇ ವಹಿಯಲ್ಲಿ ಹೆಸರು ಬರೆದು ಒಂದು ವಾರ ಒಯ್ಯಬಹುದು. ಒಬ್ಬರೇ ಬಿಚ್ಚಲು ಧೈರ್ಯ ಸಾಲದವರು ರವಿವಾರ ಮೂರು ಗಂಟೆಯ ಮೇಲೆ ಬರಲಿ. ನಕಲು ಮಾಡಿಕೊಂಡೇ ಬರಲಿ.