ಗೊಬ್ಬರದ ಲಾರಿ ಹಿಂದೆ ಹಿರಿಯೂರಿಗೆ

ಕಳೆದ ಮಳೆಗಾಲದಲ್ಲಿ ಗೆಳೆಯನೊಬ್ಬ ವಾಟ್ಸಾಪಿನಲ್ಲಿ ಒಂದು ವಿಡಿಯೊ ಕಳಿಸಿದ್ದ. ಬ್ರೆಜಿಲಿನ ಪಾಂಟನಾಲ್ ಎಂಬ ಬಯಲು. ಪರಾಗ್ವೆ ನದಿ ಉಕ್ಕಿ ಹುಲ್ಲುಗಾವಲಿಗೆ ನೀರು ನುಗ್ಗುವ ಹೊತ್ತು. ಕುದುರೆ ಹತ್ತಿದ ನಾಲ್ಕೈದು ಜನ ದೊಡ್ಡ ದನದ ಮಂದೆಯೊಂದನ್ನು ಎತ್ತರದ ಜಾಗಕ್ಕೆ ಹೊಡೆದುಕೊಂಡು ಹೋಗುತ್ತಿದ್ದಾರೆ. "ನೋಡು ಮಾರಾಯ, ಇವರಿಗೆ ಗೊಬ್ಬರಕ್ಕೆ ಬರ ಇಲ್ಲ" ಎಂದು ಕೆಳಗೆ ಬರೆದಿದ್ದ.

ನನ್ನ ಕಣ್ಣು ಹೋದದ್ದು ದನಗಳ ಬೆನ್ನಿಗೆ. ಬಿಳಿ ಮೈ, ಎಲ್ಲದಕ್ಕೂ ಹಿಣಿಲು. ನೆಲೋರ್ ತಳಿ. ಆಂಧ್ರದ ಒಂಗೋಲು ದನಗಳೇ ಹಿಂದೆ ಹಡಗು ಹತ್ತಿ ಹೋಗಿ ಅಲ್ಲಿ ಆ ಹೆಸರು ಪಡೆದದ್ದು. ಇವತ್ತು ಬ್ರೆಜಿಲಿನಲ್ಲಿ 20 ಕೋಟಿಗೂ ಹೆಚ್ಚು ದನಗಳುಂಟು, ಅವುಗಳಲ್ಲಿ ಹೆಚ್ಚಿನವುಗಳ ಮೈಯಲ್ಲಿ ಭಾರತದ ದನಗಳ ರಕ್ತ ಇದೆ. ಅಲ್ಲಿ ರೈತರು ಬಿತ್ತಿ ಬೆಳೆಸಿದ ಹುಲ್ಲುಗಾವಲಿನಲ್ಲಿ ಮುಕ್ಕಾಲು ಪಾಲು ಕಾಣುವ ಬ್ರಾಕಿಯೇರಿಯಾ ಹುಲ್ಲು ಆಫ್ರಿಕಾದ್ದು. ದನ ನಮ್ಮದು, ಹುಲ್ಲು ಇನ್ಯಾರದ್ದೋ, ಬಯಲು ಮಾತ್ರ ಅವರದ್ದು.

ಅದನ್ನು ಯೋಚಿಸುತ್ತಾ ಕೂತಾಗ ಒಂದು ವಿಷಯಕ್ಕೆ ನಾಚಿಕೆ ಆಯಿತು. ನಮ್ಮ ಸಂಪಾಜೆ, ಅರಂತೋಡು ಕಡೆಯ ಅಡಿಕೆ ತೋಟಗಳಿಗೆ ಪ್ರತಿ ವರ್ಷ ಘಟ್ಟದ ಮೇಲಿಂದ ಕುರಿ ಗೊಬ್ಬರದ ಲಾರಿ ಬರುತ್ತದೆ. ಏಳು ವರ್ಷದಿಂದ ನಾನೂ ತರಿಸುತ್ತಿದ್ದೇನೆ. ಆ ಗೊಬ್ಬರ ಯಾವ ಬಯಲಿನದ್ದು, ಯಾರ ಕುರಿಯದ್ದು ಅಂತ ಒಂದು ದಿನವೂ ಕೇಳಿದವನಲ್ಲ. ಬ್ರೆಜಿಲಿಗೆ ಹೋಗಲಿಕ್ಕೆ ನಮ್ಮಿಂದ ಆಗುವುದಿಲ್ಲ. ಹಿರಿಯೂರಿಗೆ ಬಸ್ಸು ಉಂಟಲ್ಲ?

ಜನವರಿಯಲ್ಲಿ ಹೊರಟೆ. ಮಡಿಕೇರಿ, ಕುಶಾಲನಗರ, ಹಾಸನ, ಅರಸೀಕೆರೆ, ಹುಳಿಯಾರು. ಹುಳಿಯಾರು ದಾಟಿದ ಮೇಲೆ ಹಸಿರು ತೆಳುವಾಗುತ್ತಾ ಬಂತು. ಹಿರಿಯೂರು ವೇದಾವತಿ ದಡದ ಸಣ್ಣ ಪೇಟೆ. ಸೇತುವೆ ಮೇಲೆ ನಿಂತು ನೋಡಿದರೆ ನದಿಯಲ್ಲಿ ನಮ್ಮ ಪಯಸ್ವಿನಿಯ ಅರ್ಧದಷ್ಟೂ ನೀರಿಲ್ಲ. ಆದರೆ ಸ್ವಲ್ಪ ಮೇಲೆ ಮಾರಿಕಣಿವೆಯಲ್ಲಿ ಈ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ ಉಂಟು. 1907ರಲ್ಲಿ ಮುಗಿದ ಅಣೆಕಟ್ಟು. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ತುಂಬಿದ್ದು 89 ವರ್ಷದ ನಂತರ, 2022ರ ಸೆಪ್ಟೆಂಬರಿನಲ್ಲಿ. ಆ ಕಥೆಯನ್ನು ಚಹಾದಂಗಡಿಯವರು ಹಬ್ಬದ ಕಥೆ ಹೇಳಿದ ಹಾಗೆ ಹೇಳಿದರು. ನಮ್ಮಲ್ಲಿ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ, ಅವರಿಗೆ 600 ಆದರೆ ಒಳ್ಳೆ ವರ್ಷ. ನಾಲೆ ನೀರು ಮುಟ್ಟುವಲ್ಲಿವರೆಗೆ ತೆಂಗು, ಅಡಿಕೆ. ಅದರಿಂದಾಚೆ ಕೆಂಪು ಮಣ್ಣು, ಕಲ್ಲು, ಜಾಲಿ, ಮೊಣಕಾಲೆತ್ತರದ ಒಣ ಹುಲ್ಲು. ಬೆಳಿಗ್ಗೆ ಏಳಕ್ಕೆ ನದಿ ದಾಟುವ ಕುರಿ ಮಂದೆಗೆ ಬಸ್ಸು ನಿಂತು ದಾರಿ ಬಿಡುತ್ತದೆ.

ಹಟ್ಟಿ ಅಂದರೆ ಅಲ್ಲಿ ಊರು

ಲಾರಿ ಚಾಲಕನ ಪರಿಚಯ ಹಿಡಿದು ಚಳ್ಳಕೆರೆ ರಸ್ತೆಯ ಒಂದು ಗೊಲ್ಲರ ಹಟ್ಟಿಗೆ ಹೋದೆ. ನಮಗೆ ಹಟ್ಟಿ ಅಂದರೆ ದನದ ಕೊಟ್ಟಿಗೆ, ಅವರಿಗೆ ಹಟ್ಟಿ ಅಂದರೆ ಇಡೀ ಊರು. ಕುರಿ ಕೂಡುವ ಜಾಗಕ್ಕೆ ರೊಪ್ಪ ಅನ್ನುತ್ತಾರೆ. ಸುತ್ತ ಜಾಲಿ ಮುಳ್ಳಿನ ಬೇಲಿ, ಒಳಗೆ ಮಣ್ಣಿನ ನೆಲ, ಮೇಲೆ ಮಾಡಿಲ್ಲ.

ಮನೆ ಯಜಮಾನರಿಗೆ ಅರವತ್ತರ ಮೇಲೆ. "ಗೊಬ್ಬರ ನೋಡಕೆ ಅಲ್ಲಿಂದ ಬಂದ್ರಾ ಸಾಮಿ? ಲಾರಿ ಬತ್ತದಲ್ಲ" ಎಂದು ನಕ್ಕರು. ಆಮೇಲೆ ರೊಪ್ಪದ ಮೂಲೆಯ ರಾಶಿ ತೋರಿಸಿದರು. ಅದು ನಮ್ಮೂರಿಗೆ ಬರುವ ಗೊಬ್ಬರವೇ.

ಹಿಂದೆ ಸುಗ್ಗಿ ಆದ ಮೇಲೆ ಶೇಂಗಾ, ರಾಗಿ ಹೊಲದವರು ಇವರ ಮಂದೆಯನ್ನು ಕರೆದು ರಾತ್ರಿ ಹೊಲದಲ್ಲೇ ನಿಲ್ಲಿಸಿಕೊಳ್ಳುತ್ತಿದ್ದರು. ಮಂದೆ ನಿಂತದ್ದಕ್ಕೆ ಧಾನ್ಯ ಕೊಡುತ್ತಿದ್ದರು. ಹಿಕ್ಕೆಯೂ ಮೂತ್ರವೂ ಬಿದ್ದಲ್ಲೇ ಮಣ್ಣಿಗೆ ಸೇರುತ್ತಿತ್ತು. ಈಗ ಅಡಿಕೆ, ಕಾಫಿಯವರ ಲಾರಿ ಹೆಚ್ಚು ದುಡ್ಡು ಕೊಡುತ್ತದೆ. "ನಮ್ ರಾಗಿ ಹೊಲಕ್ಕೆ ಸರ್ಕಾರಿ ಗೊಬ್ಬರ, ನಿಮ್ ತ್ವಾಟಕ್ಕೆ ನಮ್ ಕುರಿ ಗೊಬ್ಬರ" ಅಂದರು. ದೂರಾಗಿ ಹೇಳಲಿಲ್ಲ, ಲೆಕ್ಕ ಹೇಳಿದ ಹಾಗೆ ಹೇಳಿದರು. ನಾನು ಸಾವಯವ ಕೃಷಿಕ ಅಂತ ಎದೆ ತಟ್ಟಿಕೊಳ್ಳುವವ, ಬಾಯಿ ಮುಚ್ಚಿ ಕೇಳಿದೆ. ಪಾಂಟನಾಲಿನಲ್ಲಿ ದನ ಮೇದ ಹುಲ್ಲು ಸಗಣಿಯಾಗಿ ಅದೇ ಬಯಲಿಗೆ ಬೀಳುತ್ತದೆ. ಇಲ್ಲಿಯದ್ದು ಲಾರಿ ಹತ್ತಿ ಘಟ್ಟ ಇಳಿಯುತ್ತದೆ.

ಇನ್ನೊಂದು ಕಡೆಯಿಂದ ಮೇವಿನ ಬಯಲೂ ಸಣ್ಣದಾಗುತ್ತಿದೆ. ಈ ಸೀಮೆಯಲ್ಲಿ ಅಮೃತಮಹಲ್ ಕಾವಲುಗಳು ಎಂಬ ಹುಲ್ಲುಗಾವಲುಗಳಿವೆ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದು ಶುರುವಾದ ಅರಮನೆಯ ದನದ ಇಲಾಖೆಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಫಿರಂಗಿ ಎಳೆಯುವ ಎತ್ತುಗಳಿಗೆಂದು ಮೀಸಲಿಟ್ಟ ಬಯಲುಗಳು ಇವು. ಅರಮನೆ ದನಗಳ ಜೊತೆಗೆ ಸುತ್ತಲಿನ ಹಳ್ಳಿಯ ಕುರಿ, ದನಗಳೂ ಅಲ್ಲೇ ಮೇಯ್ದು ಬದುಕಿದವು. ಚಳ್ಳಕೆರೆ ತಾಲ್ಲೂಕಿನ ಖುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಸಾವಿರಾರು ಎಕರೆ ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ, ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಜನ ಹಸಿರು ನ್ಯಾಯಮಂಡಳಿವರೆಗೆ ಹೋದರು. ಗೋಡೆ ಎದ್ದು ನಿಂತಿದೆ. ಯಜಮಾನರ ಮಗ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಾನೆ. ಅಪ್ಪನ ಕೈಲಾಗುವವರೆಗೆ ಕುರಿ, ಆಮೇಲೆ ಮಾರಾಟ ಅಂತ ಮನೆಯಲ್ಲಿ ತೀರ್ಮಾನ ಆಗಿದೆಯಂತೆ.

ಅಂದರೆ ನಮ್ಮ ಲಾರಿ ಎಷ್ಟು ವರ್ಷ ಬರಬಹುದು? ನೀವೇ ಲೆಕ್ಕ ಹಾಕಿ.

ಒಂದು ಬಕೆಟಿನ ಪರೀಕ್ಷೆ

ಯಜಮಾನರು ಸಲಿಕೆ ಹಿಡಿದು ಗೊಬ್ಬರ ಕೆರೆದು ತೋರಿಸಿದಾಗ ಇನ್ನೊಂದು ಗುಟ್ಟು ಗೊತ್ತಾಯಿತು. ರೊಪ್ಪದ ನೆಲ ಮಣ್ಣಿನದ್ದು. ಕೆರೆಯುವಾಗ ಮಣ್ಣು ಬಂದೇ ಬರುತ್ತದೆ. ಅದು ಮೋಸ ಅಲ್ಲ, ಕೆಲಸ ಇರುವುದೇ ಹಾಗೆ. (ಆಮೇಲೆ ದಾರಿಯಲ್ಲಿ ಸೇರುವ ಮಣ್ಣಿನ ಮಾತು ಬೇರೆ.)

ಮನೆಗೆ ಬಂದ ಮೇಲೆ ನನ್ನ ಕೊನೆಯ ಲೋಡಿನಿಂದ ಪರೀಕ್ಷೆ ಮಾಡಿದೆ. ನೀವೂ ಮಾಡಿ, ಅಡುಗೆಮನೆಯ ತಕ್ಕಡಿ ಸಾಕು. ರಾಶಿಯ ಏಳೆಂಟು ಜಾಗದಿಂದ, ಒಳಗಿನಿಂದಲೂ, ಹಿಡಿ ಹಿಡಿ ತೆಗೆದು ಬೆರೆಸಿ ಸರಿಯಾಗಿ ಒಂದು ಕೆ.ಜಿ. ತೂಗಿ. ಮೂರು ದಿನ ಬಿಸಿಲಿಗೆ ಒಣಗಿಸಿ ಮತ್ತೆ ತೂಗಿ. ನನ್ನದು 650 ಗ್ರಾಂ ಆಯಿತು, ಉಳಿದ 350 ನೀರು. ಈಗ ಅದನ್ನು ಕೈಯಲ್ಲಿ ಪುಡಿ ಮಾಡಿ ಬಕೆಟ್ ನೀರಿಗೆ ಹಾಕಿ ಕಲಕಿ, ಒಂದು ನಿಮಿಷ ಬಿಟ್ಟು ತೇಲಿದ್ದನ್ನೂ ಕದಡಿದ ನೀರನ್ನೂ ಚೆಲ್ಲಿ. ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ಹೀಗೇ ಮಾಡಿ. ತಳದಲ್ಲಿ ಉಳಿದ ಮರಳು, ಕಲ್ಲನ್ನು ಒಣಗಿಸಿ ತೂಗಿ. ನನಗೆ ಸಿಕ್ಕಿದ್ದು 300 ಗ್ರಾಂ. ಹಾಗಾದರೆ ಒಂದು ಕೆ.ಜಿ.ಯಲ್ಲಿ ಗೊಬ್ಬರ ಇದ್ದದ್ದು 350 ಗ್ರಾಂ. ಎಂಟು ಟನ್ ಲೋಡಿನಲ್ಲಿ ಮೂರು ಟನ್ನಿಗಿಂತ ಕಡಿಮೆ.

ಪುಸ್ತಕದಲ್ಲಿ ಕುರಿ ಗೊಬ್ಬರಕ್ಕೆ ಶೇ. 3 ಸಾರಜನಕ, ಶೇ. 1 ರಂಜಕ, ಶೇ. 2 ಪೊಟ್ಯಾಷ್ ಎಂದಿರುತ್ತದೆ. ನಮ್ಮ ಹಟ್ಟಿ ಗೊಬ್ಬರಕ್ಕೆ ಸಾರಜನಕ ಅರ್ಧ ಶೇಕಡಾ. ಹಾಗಾಗಿ ಕುರಿ ಗೊಬ್ಬರ ಆರು ಪಾಲು ಬಲ ಅಂತ ನಾವು ತಿಳಿದಿದ್ದೇವೆ. ಆದರೆ ಆ ಶೇ. 3 ಮಣ್ಣಿಲ್ಲದ ಒಣ ಗೊಬ್ಬರದ ಲೆಕ್ಕ. ನನ್ನ ಲೋಡಿನಲ್ಲಿ ಕೆ.ಜಿ.ಗೆ ಹತ್ತು ಗ್ರಾಂ ಚಿಲ್ಲರೆ ಸಾರಜನಕ ಅಷ್ಟೆ. ರೊಪ್ಪದ ಮಣ್ಣು ಮೂತ್ರ ಕುಡಿದಿರುತ್ತದೆ, ಅದು ತೀರಾ ದಂಡ ಅಲ್ಲ, ಸ್ವಲ್ಪ ಸೇರಿಸಿಕೊಳ್ಳಿ. ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ ಹೇಳುವುದು 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಜೊತೆಗೆ 12 ಕೆ.ಜಿ. ಹಸಿರು ಸೊಪ್ಪು, 12 ಕೆ.ಜಿ. ಹಟ್ಟಿ ಗೊಬ್ಬರ ಅಥವಾ ಕಾಂಪೋಸ್ಟ್. ನಾನು ಮರಕ್ಕೆ ಮೂರು ಕೆ.ಜಿ. ಕುರಿ ಗೊಬ್ಬರ ಹಾಕಿ ಏಳು ವರ್ಷ ನೆಮ್ಮದಿಯಲ್ಲಿ ನಿದ್ದೆ ಮಾಡಿದ್ದೆ. ಇನ್ನು ಮುಂದೆ ಗೊಬ್ಬರ ಕೊಳ್ಳುವಾಗ ಲೋಡಿನ ಲೆಕ್ಕದಲ್ಲಿ ಮಾತಾಡಬೇಡಿ, ಬಕೆಟಿನ ಫೋಟೊ ಕಳಿಸಿ ಮಾತಾಡಿ.

ಬಂದ ಗೊಬ್ಬರವನ್ನು ನೇರ ಬುಡಕ್ಕೆ ಹಾಕಲೂ ಬೇಡಿ. ಬಳ್ಳಾರಿ ಜಾಲಿಯ ಕಾಯಿ ಕುರಿಗೆ ಪ್ರೀತಿ. ಬೀಜ ಹೊಟ್ಟೆಯಲ್ಲಿ ಕರಗುವುದಿಲ್ಲ. ಕಾಂಗ್ರೆಸ್ ಗಿಡದ ಬೀಜವೂ ಮಣ್ಣಿನ ಜೊತೆ ಬರುತ್ತದೆ. ಮಾಡಿನ ಕೆಳಗೆ ತರಗೆಲೆ, ಅಡಿಕೆ ಸಿಪ್ಪೆ ಜೊತೆ ಪದರ ಪದರವಾಗಿ ರಾಶಿ ಹಾಕಿ, ಹಿಂಡಿದರೆ ಕೈ ಒದ್ದೆಯಾಗುವಷ್ಟು ನೀರು ಕೊಡಿ. ನಾಲ್ಕನೇ ದಿನ ರಾಶಿಗೆ ಕಬ್ಬಿಣದ ಸರಳು ಚುಚ್ಚಿ ತೆಗೆದರೆ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಇರಬೇಕು. ಆ ಕಾವಿಗೆ ಹೆಚ್ಚಿನ ಕಳೆ ಬೀಜ ಸಾಯುತ್ತದೆ. ಜಾಲಿ ಬೀಜ ಗಟ್ಟಿ, ಮೊಳೆತರೆ ಎಳೆಯದರಲ್ಲೇ ಕಿತ್ತೆಸೆಯಿರಿ. ಎರಡು ಸಲ ಮಗುಚಿ ಎರಡು ತಿಂಗಳು ಬಿಡಿ. ಮಗುಚುವಾಗ ಬೆಳ್ಳಗಿನ ದಪ್ಪ ಹುಳ ಕಂಡರೆ ಅದು ತೆಂಗಿನ ಕುರುವಾಯಿಯ ಮರಿ ಇರಬಹುದು. ಹೆಕ್ಕಿ ಕೋಳಿಗೆ ಹಾಕಿ, ರಾಶಿಗೆ ಮೆಟಾರೈಜಿಯಂ ಬೆರೆಸಿ. ಜೂನ್ ಮಳೆಗೆ ಮೊದಲು ಹಾಕಿದರೆ ಪಯಸ್ವಿನಿ ಅದನ್ನು ಕಾಸರಗೋಡಿಗೆ ಮುಟ್ಟಿಸುತ್ತದೆ. ಮಳೆ ಇಳಿದ ಮೇಲೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಹಾಕಿ ಮಣ್ಣು ಮುಚ್ಚಿ.

ನಮ್ಮ ಕಡೆ ಹಳದಿ ಎಲೆ ರೋಗ ಇರುವುದರಿಂದ ಒಂದು ಮಾತು ಹೇಳಲೇಬೇಕು. ಆ ಗೊಬ್ಬರ ಹಾಕಿ, ಈ ದ್ರಾವಣ ಬಿಡಿ, ರೋಗ ವಾಸಿ ಎನ್ನುವವರನ್ನು ನಂಬಬೇಡಿ. ಅದು ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ರೋಗ, ಜಿಗಿಹುಳ ಹರಡುತ್ತದೆ, ಮದ್ದಿಲ್ಲ. ಒಳ್ಳೆ ಗೊಬ್ಬರ, ಸುಣ್ಣ, ನೀರು ಬಸಿಯಲು ಕಣಿ ಇದ್ದರೆ ಮರ ಇನ್ನೊಂದಷ್ಟು ವರ್ಷ ಫಸಲು ಕೊಡುತ್ತದೆ. ನನ್ನ 900 ಮರಗಳಲ್ಲಿ ಮುನ್ನೂರಕ್ಕೂ ಹೆಚ್ಚು ಹಳದಿ ಆಗಿವೆ. ಆ ಕೆಲವು ವರ್ಷಗಳೊಳಗೆ ಬೇರೆ ದಾರಿ ಮಾಡಿಕೊಳ್ಳಬೇಕು ಅಂತಲೇ ಈ ಲೆಕ್ಕವೆಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ತಲೆಯಲ್ಲಿದ್ದದ್ದು ಒಂದೇ. ಅವರ ಕಾವಲನ್ನು ಬೇರೆಯವರು ತೆಗೆದುಕೊಂಡರು. ನಮಗೂ ಒಂದು ಕಾವಲಿತ್ತು, ಕುಮ್ಕಿ. ವರ್ಗ ಜಾಗಕ್ಕೆ ತಾಗಿದ ಸರ್ಕಾರಿ ಗುಡ್ಡದಲ್ಲಿ ಸೊಪ್ಪು ಕಡಿಯಲಿಕ್ಕೆ, ದನ ಮೇಯಿಸಲಿಕ್ಕೆ ದಕ್ಷಿಣ ಕನ್ನಡದ ಕೃಷಿಕನಿಗೆ ಹಿಂದಿನಿಂದ ಬಂದ ಹಕ್ಕು. ಅಜ್ಜನ ಕಾಲದಲ್ಲಿ ನಮ್ಮ ಹಟ್ಟಿಯಲ್ಲಿ ಹದಿನಾಲ್ಕು ದನ. ದಿನಾ ಹಟ್ಟಿಗೆ ಸೊಪ್ಪು ಹಾಕುವುದು, ದನ ತುಳಿಯುವುದು, ಮೂತ್ರ ಹೀರುವುದು. ದನ ಹೊರಹಾಕುವ ಸಾರಜನಕದಲ್ಲಿ ಹೆಚ್ಚು ಕಡಿಮೆ ಅರ್ಧ ಮೂತ್ರದಲ್ಲೇ ಹೋಗುತ್ತದೆ. ಅದನ್ನು ಹಿಡಿದಿಡುತ್ತಿದ್ದದ್ದು ಆ ಸೊಪ್ಪು. ಸಿಮೆಂಟು ನೆಲದ ಹಟ್ಟಿ ಆದ ಮೇಲೆ ಅದು ಕಣಿಗೆ ಹೋಯಿತು. ಕುಮ್ಕಿಗೆ ರಬ್ಬರ್ ಹಾಕಿದವರು ಯಾವ ಸಂಸ್ಥೆಯವರೂ ಅಲ್ಲ. ನಮ್ಮಲ್ಲಿ ಹಾಕಿದ್ದು ನನ್ನ ಅಪ್ಪ. ಹಾಲು ತೆಗೆಯಲು ಜನ ಸಿಗದೆ ಎರಡು ವರ್ಷದಿಂದ ಅದೂ ಸುಮ್ಮನೆ ನಿಂತಿದೆ.

ಫೆಬ್ರವರಿಯಲ್ಲಿ ಎರಡು ಮಲೆನಾಡು ಗಿಡ್ಡ ತಂದೆ, ಒಂದು ದನ, ಒಂದು ಕಡಸು. 2012ರಲ್ಲಿ ತಳಿ ಎಂದು ನೋಂದಣಿ ಆದ ನಮ್ಮದೇ ಊರ ದನ. ಹಾಲು ಕೇಳಬೇಡಿ, ಮನೆಯ ಚಹಾಕ್ಕೆ ಸಾಕಾಗುತ್ತದೆ. ದಿನಕ್ಕೆ ಒಂದು ಬುಟ್ಟಿ ಸಗಣಿ, ಸೊಪ್ಪು ತರಗೆಲೆ ಸೇರಿ ಎರಡು ಬುಟ್ಟಿ. ಹಟ್ಟಿಯ ಒಂದು ಬದಿ ಸಿಮೆಂಟು ಒಡೆಸಿದ್ದೇನೆ. ರಬ್ಬರಿನ ಅರ್ಧ ಎಕರೆ ಕಡಿಸಿ ಗೊಬ್ಬರದ ಗಿಡದ ಗೆಲ್ಲು ಊರಿದ್ದೇನೆ, ಸೊಪ್ಪಿಗೆ. ತೆಂಗಿನ ಸಾಲಿನ ನಡುವೆ ಕಾಂಗೊ ಸಿಗ್ನಲ್ ಹುಲ್ಲು. ಬ್ರೆಜಿಲಿನ ಬಯಲಿನ ಆ ಬ್ರಾಕಿಯೇರಿಯಾದ್ದೇ ಒಂದು ಜಾತಿ, ನೆರಳನ್ನು ಸ್ವಲ್ಪ ತಡೆಯುತ್ತದೆ. ಇದೆಲ್ಲ ಸೇರಿದರೂ ಈಗ ಇನ್ನೂರು ಮರಕ್ಕೆ ಸಾಕಾಗುವಷ್ಟು ಗೊಬ್ಬರ ಮಾತ್ರ. ಏಳುನೂರಕ್ಕೆ ಲಾರಿಯೇ ಗತಿ.

ಮಾರ್ಚ್‌ನಲ್ಲಿ ಹಿರಿಯೂರಿನ ಯಜಮಾನರು ಫೋನ್ ಮಾಡಿದರು, ಲೋಡು ಕಳಿಸಲಾ ಎಂದು. ಈ ಸಲ ಮುಕ್ಕಾಲು ಲೋಡು ಸಾಕು, ಕೆರೆಯುವಾಗ ಮೇಲಿನ ಪದರ ಮಾತ್ರ ತೆಗೆಸಿ, ಕೆ.ಜಿ. ಲೆಕ್ಕದಲ್ಲಿ ಜಾಸ್ತಿ ಕೊಡುತ್ತೇನೆ ಅಂದೆ. ಒಪ್ಪಿದರು. ಉಳಿದ ಕಾಲು ಲೋಡು ಏನು ಮಾಡುತ್ತೀರಿ ಎಂದು ಕೇಳಿದೆ.

"ನಮ್ ರಾಗಿ ಹೊಲಕ್ಕೇ ಹಾಕ್ತೀನಿ ಬಿಡಿ ಸಾಮಿ" ಅಂದರು.