ಮೊದಲು ಥೈರಾಯ್ಡ್ ಮಾತ್ರೆ, ಆಮೇಲೆ ಕಾಫಿ

ಥೈರಾಯ್ಡ್ ಕಡಿಮೆ ಇದೆ ಅಂತ ಗೊತ್ತಾದರೆ ಸಾಕು, ನೆಂಟರಿಷ್ಟರೆಲ್ಲ ವೈದ್ಯರಾಗಿಬಿಡುತ್ತಾರೆ. ಎಲೆಕೋಸು ಮುಟ್ಟಬೇಡ, ಹೂಕೋಸು ಬೇಡ, ಕೊತ್ತಂಬರಿ ಬೀಜದ ನೀರು ಕುಡಿದರೆ ಮಾತ್ರೆಯೇ ಬೇಡ! ವಾಸ್ತವದಲ್ಲಿ ಕೋಸನ್ನು ಬೇಯಿಸಿ, ಪಲ್ಯ ಮಾಡಿ ಹಿತಮಿತವಾಗಿ ತಿನ್ನಲು ಅಡ್ಡಿಯಿಲ್ಲ. ಕೊತ್ತಂಬರಿ ನೀರು ಇಷ್ಟವಿದ್ದರೆ ಕುಡಿಯಿರಿ, ಆದರೆ ಮಾತ್ರೆ ಮಾತ್ರ ಬಿಡಬೇಡಿ.

ನಿಜವಾದ ಎಡವಟ್ಟು ಆಗುವುದು ಬೆಳಗಿನ ಹೊತ್ತು. ಥೈರಾಯ್ಡ್ ಕಡಿಮೆ ಇರುವವರಿಗೆ ಕೊಡುವ ಲಿವೋಥೈರಾಕ್ಸಿನ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿಯೂ ಇಲ್ಲ, ತಿಂಡಿಯೂ ಇಲ್ಲ. ಎದ್ದ ಕೂಡಲೇ ಫಿಲ್ಟರ್ ಕಾಫಿ ಬೇಕೇ ಬೇಕು ಎನ್ನುವವರಿಗೆ ಇದು ಶಿಕ್ಷೆಯೇ ಸರಿ. ಮಾತ್ರೆ ನುಂಗಿ ವಾಕಿಂಗ್ ಹೊರಟುಬಿಡಿ. ಥೈರಾಯ್ಡ್ ಕಡಿಮೆಯಾದಾಗ ಕಾಡುವ ಮಲಬದ್ಧತೆಗೂ ಏರುವ ತೂಕಕ್ಕೂ ನಡಿಗೆ ಒಳ್ಳೆಯದು, ವಾಪಸ್ ಬರುವಷ್ಟರಲ್ಲಿ ಕಾಫಿಯ ಹೊತ್ತೂ ಆಗಿರುತ್ತದೆ. ಕಬ್ಬಿಣಾಂಶದ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರವಿರಲಿ. ಜೊತೆಗೇ ನುಂಗಿದರೆ ಥೈರಾಯ್ಡ್ ಔಷಧಿ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಅಡುಗೆಗೆ ಅಯೋಡಿನ್‌ಯುಕ್ತ ಉಪ್ಪೇ ಇರಲಿ, ಡಬ್ಬಿಯ ಮುಚ್ಚಳ ಭದ್ರವಾಗಿರಲಿ. ಹಾಗಂತ ನೀವಾಗಿಯೇ ಅಯೋಡಿನ್ ಮಾತ್ರೆ ತರಿಸಿಕೊಳ್ಳಬೇಡಿ, ಅದು ಅತಿಯಾದರೂ ಗ್ರಂಥಿಗೆ ತೊಂದರೆಯೇ. ಕೂದಲು ಉದುರುತ್ತದೆಂದು ಬಯೋಟಿನ್ ತಿನ್ನುವವರು ರಕ್ತಪರೀಕ್ಷೆಗೆ ಮುಂಚೆ ವೈದ್ಯರಿಗೆ ತಿಳಿಸಿ, ವರದಿ ತಪ್ಪಾಗಿ ಬರಬಹುದು.

ಥೈರಾಯ್ಡ್ ಮಾತ್ರೆಯ ಡೋಸ್ ಬದಲಾದರೆ 6ರಿಂದ 8 ವಾರಕ್ಕೆ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಗರ್ಭ ನಿಂತಿದೆ ಎಂದು ತಿಳಿದರಂತೂ ಮುಂದಿನ ತಪಾಸಣೆಯವರೆಗೆ ಕಾಯಬೇಡಿ, ಅಂದೇ ವೈದ್ಯರಿಗೆ ಹೇಳಿ.