ಮುಟ್ಟಿನ ಹೊಟ್ಟೆನೋವಿಗೆ ಮಾತ್ರೆ: ಯಾವಾಗ, ಎಷ್ಟು, ಯಾರಿಗೆ ಬೇಡ?

(ರೋಗಿಗಳು ಹಾಗೂ ಅವರ ಬಂಧುಗಳ ತಿಳಿವಳಿಕೆಗಾಗಿ)



ಮುಟ್ಟಿನ ಬಗ್ಗೆ ವೈದ್ಯರೊಡನೆ ಮಾತನಾಡಲು ಸಂಕೋಚ ಬೇಡ. ಬಸವಾದಿ ಶರಣರು ಪಂಚಸೂತಕಗಳನ್ನು ಒಪ್ಪಲಿಲ್ಲ. ಅವುಗಳಲ್ಲಿ ರಜಸ್ಸೂತಕವೂ ಒಂದು. ಮುಟ್ಟು ಮೈಲಿಗೆಯಲ್ಲ, ಶರೀರಧರ್ಮ. ಅದರ ನೋವನ್ನು ಹಲ್ಲುಕಚ್ಚಿ ಸಹಿಸುವುದೂ ಬೇಡ, ಕೈಗೆ ಸಿಕ್ಕ ಮಾತ್ರೆ ನುಂಗುವುದೂ ಬೇಡ.

ನೋವು ಏಕೆ ಬರುತ್ತದೆ?

ಗರ್ಭಕೋಶದ ಒಳಪದರ ಕಳಚುವಾಗ ಪ್ರೊಸ್ಟಾಗ್ಲ್ಯಾಂಡಿನ್ ಎಂಬ ರಾಸಾಯನಿಕ ಉತ್ಪತ್ತಿಯಾಗುತ್ತದೆ. ಅದು ಗರ್ಭಕೋಶವನ್ನು ಹಿಂಡುತ್ತದೆ. ಇದರಿಂದ ಕಿಬ್ಬೊಟ್ಟೆ ನೋವು, ಸೊಂಟನೋವು, ಕೆಲವರಿಗೆ ವಾಂತಿ-ಭೇದಿ ಕಾಣಿಸುತ್ತವೆ. ಮೆಫೆನಾಮಿಕ್ ಆಸಿಡ್, ಐಬುಪ್ರೊಫೇನ್ ಮಾತ್ರೆಗಳು ಈ ರಾಸಾಯನಿಕದ ಉತ್ಪತ್ತಿಯನ್ನೇ ತಗ್ಗಿಸುತ್ತವೆ. ಆದ್ದರಿಂದ ನೋವು ಅಥವಾ ಸ್ರಾವ ಶುರುವಾದ ಕೂಡಲೇ ತೆಗೆದುಕೊಂಡರೆ ಗುಣ ಹೆಚ್ಚು.

ಆದರೆ ಇದೇ ರಾಸಾಯನಿಕ ಜಠರದ ಒಳಪೊರೆಯನ್ನು ಕಾಪಾಡುತ್ತದೆ, ಮೂತ್ರಪಿಂಡಕ್ಕೆ ರಕ್ತ ಹರಿಯಲು ನೆರವಾಗುತ್ತದೆ. ಮಾತ್ರೆ ಮಿತಿಮೀರಿದರೆ ಪೆಟ್ಟು ಬೀಳುವುದು ಇವೆರಡಕ್ಕೇ.

ಒಂದು ನಿದರ್ಶನ

ಶ್ರಾವಣ ಸೋಮವಾರದ ಉಪವಾಸ. ಸೊಸೆಗೆ ಮುಟ್ಟಿನ ನೋವು. ಬೆಳಿಗ್ಗೆ ಔಷಧಿ ಅಂಗಡಿಯಿಂದ ತಂದ ಮಾತ್ರೆ ನುಂಗುತ್ತಾಳೆ. ನೋವು ನಿಲ್ಲದೆ, ಅತ್ತೆಯವರ ಮೊಣಕಾಲು ನೋವಿನ ಡೈಕ್ಲೋಫೆನಾಕ್ ಕೂಡ ತೆಗೆದುಕೊಳ್ಳುತ್ತಾಳೆ. ಇಲ್ಲಿ ಎರಡು ತಪ್ಪುಗಳಿವೆ. ಹೊಟ್ಟೆ ಖಾಲಿ, ಹೆಸರು ಬೇರೆಯಾದರೂ ಎರಡು ಮಾತ್ರೆಗಳೂ ಒಂದೇ ಗುಂಪಿನವು. ಅಸೆಕ್ಲೋಫೆನಾಕ್, ನೆಪ್ರಾಕ್ಸೆನ್, ನಿಮೆಸುಲೈಡ್ ಸಹ ಇದೇ ಗುಂಪು. ಇವುಗಳಲ್ಲಿ ಎರಡನ್ನು ಎಂದೂ ಕೂಡಿಸಬಾರದು. ಮಾತ್ರೆ ಬೇಕಾದ ದಿನ ಉಪವಾಸ ಬಿಡಿ.

ತೆಗೆದುಕೊಳ್ಳುವ ಕ್ರಮ

1. ಊಟ ಅಥವಾ ತಿಂಡಿಯ ನಂತರ, ಒಂದು ಲೋಟ ನೀರಿನೊಡನೆ ನುಂಗಿ.
2. ವಯಸ್ಕರಿಗೆ ಐಬುಪ್ರೊಫೇನ್ 400 ಮಿ.ಗ್ರಾಂ., 6ರಿಂದ 8 ಗಂಟೆಗಳ ಅಂತರದಲ್ಲಿ. ವೈದ್ಯರು ಹೇಳದೆ ದಿನಕ್ಕೆ 1200 ಮಿ.ಗ್ರಾಂ. ಮೀರಬಾರದು.
3. ಮೆಫೆನಾಮಿಕ್ ಆಸಿಡ್ ಅನ್ನು ವೈದ್ಯರು ಬರೆದಷ್ಟೇ ತೆಗೆದುಕೊಳ್ಳಿ. ಶಾಲಾ ಬಾಲಕಿಯರಿಗೆ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು.
4. ಸಾಮಾನ್ಯವಾಗಿ 2-3 ದಿನ ಸಾಕು. ನೋವು ನಿಂತರೆ ಮಾತ್ರೆಯನ್ನೂ ನಿಲ್ಲಿಸಿ.
5. ಬಿಸಿನೀರಿನ ಚೀಲದಿಂದ ಕಿಬ್ಬೊಟ್ಟೆಗೆ ಶಾಖ ಕೊಡಿ. ಹಲವರಿಗೆ ಇದರಿಂದಲೂ ನೋವು ತಗ್ಗುತ್ತದೆ.

ಯಾರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು?

ಹೊಟ್ಟೆಹುಣ್ಣು, ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ, ಅಧಿಕ ರಕ್ತದೊತ್ತಡ ಇರುವವರು, ಆಸ್ತಮಾ ಇರುವವರು, ನೋವಿನ ಮಾತ್ರೆಯಿಂದ ಹಿಂದೆ ಅಲರ್ಜಿಯಾದವರು, ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು, ಗರ್ಭಿಣಿಯರು ಮತ್ತು ಮುಟ್ಟು ತಪ್ಪಿದವರು. ಡೆಂಗ್ಯೂ ಶಂಕೆಯ ಜ್ವರವಿದ್ದರೆ ಈ ಮಾತ್ರೆಗಳು ಬೇಡವೇ ಬೇಡ.

ಕೂಡಲೇ ಆಸ್ಪತ್ರೆಗೆ ಬನ್ನಿ

• ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ.
• ಮುಖ ಊದಿ ಉಸಿರು ಕಟ್ಟಿದರೆ, ಮೂತ್ರ ಕಡಿಮೆಯಾದರೆ.
• ಜ್ವರದೊಡನೆ ಮೈಮೇಲೆ ಗಂದೆ ಎದ್ದರೆ. ಮೆಫೆನಾಮಿಕ್ ಆಸಿಡ್‌ನಿಂದ ಒಳಾಂಗಗಳಿಗೂ ಹರಡುವ ಇಂತಹ ಅಪರೂಪದ ತೊಂದರೆ ಬರಬಹುದೆಂದು ಭಾರತೀಯ ಔಷಧಕೋಶ ಆಯೋಗವು 2023ರ ನವೆಂಬರ್‌ನಲ್ಲಿ ಎಚ್ಚರಿಸಿದೆ. ಮಾತ್ರೆ ತೆಗೆದುಕೊಂಡ ಹಲವು ವಾರಗಳ ನಂತರವೂ ಇದು ಕಾಣಿಸಬಹುದು.
• ಮುಟ್ಟು ತಪ್ಪಿದ ಮೇಲೆ ತೀವ್ರ ಹೊಟ್ಟೆನೋವು ಬಂದರೆ.
• ಗಂಟೆಗೊಂದರಂತೆ ಪ್ಯಾಡ್ ತೊಯ್ದು ಹೋದರೆ.

ಮಾತ್ರೆಗೂ ಬಗ್ಗದ ನೋವು, ತಿಂಗಳಿಂದ ತಿಂಗಳಿಗೆ ಹೆಚ್ಚುವ ನೋವು, ಮದುವೆ-ಮಕ್ಕಳಾದ ಮೇಲೆ ಹೊಸದಾಗಿ ಶುರುವಾದ ನೋವು ಇದ್ದರೂ ತೋರಿಸಿ. ಗಡ್ಡೆ, ಸೋಂಕು, ಎಂಡೊಮೆಟ್ರಿಯೋಸಿಸ್ ಕಾರಣವಿರಬಹುದು.

ಹಿರಿಯರಲ್ಲಿ ಒಂದು ವಿನಂತಿ

"ಮಾತ್ರೆ ನುಂಗಿದರೆ ಮುಂದೆ ಮಕ್ಕಳಾಗುವುದಿಲ್ಲ" ಎಂದು ಹುಡುಗಿಯರನ್ನು ಹೆದರಿಸಬೇಡಿ. ಮುಟ್ಟಿನ ಎರಡು-ಮೂರು ದಿನ ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡರೆ ಬಂಜೆತನ ಬರುವುದಿಲ್ಲ. ಪ್ರತಿ ತಿಂಗಳು ನೋವಿಗೆ ಶಾಲೆ ಬಿಡುವ ಮಗಳನ್ನು ಮನೆಯಲ್ಲಿ ಮಲಗಿಸುವ ಬದಲು ಸ್ತ್ರೀರೋಗ ತಜ್ಞರ ಬಳಿಗೆ ಕರೆತನ್ನಿ. ಬರುವಾಗ ಮನೆಯಲ್ಲಿರುವ ಮಾತ್ರೆಗಳ ಪಟ್ಟಿಗಳನ್ನೂ ಜೊತೆಗೆ ತನ್ನಿ.